ನಿವ್ವಳ

ಸಸ್ಕಾಚೆವಾನಿನ ಬಯಲು, ರೈಲುಹಳಿಯ ಪಕ್ಕ ಮರದ ಕಣಜ,
ಅದರ ಬಾಯಲ್ಲಿ ಲಾರಿ ನಿಲ್ಲುವ ತೂಕದ ಹಲಗೆ.
ಮೂವತ್ತೊಂದು ಸುಗ್ಗಿ ನಾನಲ್ಲಿ ಮುಳ್ಳು ನೋಡಿದವನು.
ತುಂಬಿದ ಲಾರಿ ತೂಗು, ಗೋಧಿ ಸುರಿಸು,
ಬರಿ ಲಾರಿ ಇನ್ನೊಮ್ಮೆ ತೂಗು,
ಕಳೆದು ಉಳಿದದ್ದು ನಿವ್ವಳ.
ಇಷ್ಟೇ ನನ್ನ ವಿದ್ಯೆ.

ರೈತರ ವಿದ್ಯೆ ಬೇರೆ.
ತುಂಬಿದ ಲಾರಿ ತೂಗುವಾಗ ಹೆಂಡತಿ ಮಕ್ಕಳು ನಾಯಿ ಸಮೇತ
ಒಳಗೇ ಕೂತಿರುತ್ತಾರೆ. ಬರಿದಾದ ಮೇಲೆ
ಎಲ್ಲರಿಗೂ ಒಮ್ಮೆಲೇ ಕಾಲು ಜೋಮು, ಇಳಿದು ಅಡ್ಡಾಡುತ್ತಾರೆ.
ನಾನು ಕೆಮ್ಮುತ್ತೇನೆ.
ನಾಚುವುದು ನಾಯಿಯೊಂದೇ.

ಓಸ್ಟಪ್ ವೆರೆಮ್ಚುಕ್ ಮಾತ್ರ ತಿರುವುಮುರುವು.
ಹೊರೆ ಇದ್ದಾಗ ಇಳಿದು ದೂರ ನಿಲ್ಲುವನು,
ಹಚ್ಚದ ಸಿಗರೇಟನ್ನು ಬೆರಳಲ್ಲಿ ಉರುಳಿಸುತ್ತ.
ಬರಿ ಲಾರಿಗೆ ಹತ್ತಿ ಕೂತು ಬಾಗಿಲೆಳೆದುಕೊಳ್ಳುವನು.
ಹೊರೆಗೊಂದರಂತೆ ಒಬ್ಬ ಓಸ್ಟಪ್ಪನಷ್ಟು ಗೋಧಿ,
ನೂರೆಪ್ಪತ್ತು ಪೌಂಡು, ಲೆಕ್ಕಕ್ಕೆ ಸಿಗದೆ ಹೋಗುತ್ತಿತ್ತು.
ಮೊದಲ ವರ್ಷ ದಡ್ಡನೆಂದುಕೊಂಡೆ.
ಎರಡನೆಯ ವರ್ಷ ಜಂಬದವನೆಂದುಕೊಂಡೆ.
ಆರನೆಯ ವರ್ಷ ಕೇಳಿದೆ.

ಕೇಳುವ ಕಿವಿ ಒಂದೇ ಅವನಿಗೆ, ಬಲದ್ದು.
ನವೆಂಬರಿನಲ್ಲಿ ಊರವರು ಕಲ್ಲಿಗೆ ಹೂವಿಟ್ಟು ಕಹಳೆ ಊದಿಸುವಾಗ
ಎಡಗಿವಿಯನ್ನು ಅತ್ತ ಕೊಟ್ಟು ನಿಲ್ಲುವನು.

“ನಲವತ್ತನಾಲ್ಕರ ಅಕ್ಟೋಬರು, ಹಾಲೆಂಡು.
ಸಮುದ್ರಕ್ಕಿಂತ ತಗ್ಗಿನ ನೆಲ. ಒಡ್ಡಿನ ಮೇಲೆ ಹೋದರೆ ಗುಂಡು,
ಕೆಳಗಿಳಿದರೆ ಕೆಸರು. ನಾನು ಚೈನುಗಾಲಿಯ ಗಾಡಿ ಓಡಿಸುವವ.
ಎದುರಿಗೆ ಸಕ್ಕರೆ ಬೀಟಿನ ಹೊಲ,
ಇವತ್ತೋ ನಾಳೆಯೋ ಕೀಳಬೇಕು, ಹಾಗಿತ್ತು.
ಹನ್ನೆರಡು ಗಾಡಿ. ನನ್ನದು ಮೊದಲು.
ಗಾಲಿಯಡಿ ಬೀಟು ಒಡೆಯುವ ಸದ್ದು ಗೊತ್ತೆ ನಿನಗೆ?”
ಗೊತ್ತು ಅಂದೆ.
“ಗೊತ್ತಿಲ್ಲ” ಅಂದ.

“ಹೊಲದವ ಮರದ ಜೋಡು ಮೆಟ್ಟಿ ಬಂದ. ಬೈಯಲಿಲ್ಲ.
ಬಿಡಿಸಲು ಬಂದವರಲ್ಲವೆ ನಾವು, ಟೋಪಿ ತೆಗೆದ.
ಆಮೇಲೆ ಬಗ್ಗಿ, ಚೈನು ಕೊರೆದ ಗುಂಡಿಯಿಂದ
ಅರ್ಧ ಬೀಟೊಂದನ್ನೆತ್ತಿ ಮಣ್ಣು ಒರೆಸಿ
ಎಲ್ಲಿಡುವುದೆಂದು ತಿಳಿಯದೆ
ಹಿಡಿದುಕೊಂಡೇ ನಿಂತ.”

ನಾನಂದೆ: ನೀನು ಬಿಡುವ ಗೋಧಿ ಅವನಿಗೆಲ್ಲಿ ಮುಟ್ಟುತ್ತದಪ್ಪ,
ಕಂಪನಿ ನುಂಗುತ್ತದೆ, ಅಷ್ಟೆ.
“ಅಷ್ಟು ನನಗೂ ಗೊತ್ತು. ಅವನ ಹೆಸರು ಕೇಳಿರಲಿಲ್ಲ.
ಕಂಪನಿಯಾದರೂ ಇಸಕೊಳ್ಳಲಿ.”
ಬೇರೆ ಏನನ್ನೂ, ಯಾರು ಸತ್ತರೆಂದೂ, ಅವನು ಹೇಳಲಿಲ್ಲ.

ಆಲಿಕಲ್ಲು ಬಿದ್ದ ವರ್ಷ ಅವನ ಹೊಲದಲ್ಲಿ ಅರ್ಧವೂ ನಿಂತಿರಲಿಲ್ಲ.
ಕರುಳು ತಡೆಯದೆ ಚೀಟಿಯಲ್ಲಿ
ಬರಿ ಲಾರಿಯ ತೂಕ ನೂರೆಪ್ಪತ್ತು ಇಳಿಸಿ ಬರೆದೆ.
ನೋಡಿದ, ಮಡಿಸಿದ, ಜೇಬಿಗಿಟ್ಟ.
ಮಾರನೆಯ ಹೊರೆಗೆ, ಗೋಧಿ ಸುರಿದ ಮೇಲೆ,
ಅವನ ಪಕ್ಕ ಪರಾಸ್ಕಾ ಹತ್ತಿ ಕೂತಳು.
ಎದೆಮಟ್ಟದ ತುಂಬು ಹೆಂಗಸು, ನೆಟ್ಟ ನೋಟ,
ಮಡಿಲಲ್ಲಿ ಒಂದು ಕುಂಬಳಕಾಯಿ.
ಮತ್ತೆಂದೂ ನಾನು ಅವನ ಲೆಕ್ಕಕ್ಕೆ ಕೈ ಹಾಕಲಿಲ್ಲ.

ಅವನನ್ನು ಮಣ್ಣು ಮಾಡಿದ್ದು ಮಾರ್ಚಿನಲ್ಲಿ. ನೆಲ ಕಬ್ಬಿಣವಾಗಿತ್ತು,
ಹಳೆಯ ಟೈರು ಸುಟ್ಟು ಕರಗಿಸಿ ಅಗೆದರು.

ಸೆಪ್ಟೆಂಬರಿನಲ್ಲಿ ಅದೇ ಲಾರಿ, ಮಗಳು ಸ್ಟೆಫ್ಕಾ.
ಹೊರೆ ಇದ್ದಾಗ ಇಳಿದಳು.
ಬರಿದಾದಾಗ ಇಳಿದೇ ಇದ್ದಳು, ಕೈಚೀಲ ಹಿಡಿದು, ಹಲಗೆಯ ಹೊರಗೆ.
ನಾನು ಸ್ವಲ್ಪ ಕಾದೆ.

“ಏನು, ತಪ್ಪಾಯಿತೆ?” ಅಂದಳು.
ಇಲ್ಲಮ್ಮ, ಸರಿಯಾಗಿದೆ ಅಂದೆ.
ಸರಿಯಾಗೇ ಇತ್ತು.
ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿ
ಬರೆದುಕೊಟ್ಟೆ.