ಗೋಡೆಯಾಚೆಯ ಐವತ್ತು

ಸ್ಕೈದ್ರೀತೆ ಫೋನಿನಲ್ಲಿ ಹೇಳಿದ್ದು ಇಷ್ಟೇ:
"ಓಯಾರ್ಸ್, ತೆರೆಗೆ ಚಳಿಜ್ವರ. ಬಾ."

ರಿಗಾದ ಮಿಯೆರಾ ಬೀದಿ. ಶಾಂತಿ ಬೀದಿ ಎಂದರ್ಥ.
ಮೂರನೇ ಮಹಡಿ, ಲಿಫ್ಟಿಲ್ಲ.
ಚೀಲದಲ್ಲಿ ಎರಡು ಸ್ಕ್ರೂಡ್ರೈವರು, ಒಂದು ಕೇಬಲ್ಲು,
ಚೀಲ ಹೊತ್ತದ್ದು ಅರವತ್ತೆರಡು ವರ್ಷದ ಮಂಡಿ.

ಮೇಜಿನ ಮೇಲೆ ಹದಿನೈದಿಂಚಿನ ಡಬ್ಬ,
ಗೂನು ಬೆನ್ನು, ಸಿಗರೇಟು ಸೇದುವವನ ಹಲ್ಲಿನ ಬಣ್ಣ.
ಅದರ ನೆತ್ತಿಯ ಬಿಸಿಗೆ ಬೆಕ್ಕೊಂದು ಮಲಗುತ್ತಿತ್ತು.
ಬೆಕ್ಕು ಹೋಯಿತು; ಸೀಳುಗಳಲ್ಲಿ ಕೂದಲು ಉಳಿದಿದೆ.

ತೆರೆಯ ತುಂಬ ಚೌಕ ಚೌಕ,
ಕೈಗವಸಿನ ಹೆಣಿಗೆಯ ನಕ್ಷೆ:
ಕಪ್ಪು ಒಂದು, ಬಿಳಿ ಎರಡು, ಮತ್ತೆ ಕಪ್ಪು.
ಅವಳ ಗಂಡ ವಿಸ್ವಾಲ್ದಿಸ್ ಬರೆದ ಪ್ರೋಗ್ರಾಮು.
ಅತ್ತೆಯ ಪೆಟ್ಟಿಗೆಯ ನೂರಾ ನಲವತ್ತು ಜೋಡಿ
ಕುಣಿಕೆ ಕುಣಿಕೆ ಎಣಿಸಿ ಒಳಗಿಳಿಸಿದ್ದ.
ಹೊಸ ಯಂತ್ರಗಳಲ್ಲಿ ಅದು ಬಾಯಿ ಬಿಡುವುದಿಲ್ಲ.

ಈಗ ಚೌಕಗಳೆಲ್ಲ
ನೀರಡಿಯ ಹಾಸುಗಲ್ಲಿನಂತೆ ತುಯ್ಯುತ್ತಿದ್ದವು.
"ನೋಡು ಇದರ ಗತಿ" ಎಂದು ಕೈಗವಸು ಎಸೆದಳು:
ನಕ್ಷತ್ರದ ಒಂದು ಮೊನೆ
ಕುಡಿದು ಬಂದವನ ಟೋಪಿಯಂತೆ ಓರೆ.

ಕೇಬಲ್ಲಿನ ಕಿವಿ ತಿರುಚಿದೆ, ಬಿಗಿಯಾಗಿಯೇ ಇತ್ತು.
ಮೇಜುದೀಪ ಆರಿಸಿದೆ, ರೇಡಿಯೊವನ್ನು ಅಡುಗೆಮನೆಗೆ ಅಟ್ಟಿದೆ.
ಮೆನುವಿನಲ್ಲಿ ಕುದುರೆಲಾಳದ ಚಿತ್ರ ಹುಡುಕಿ ಒತ್ತಿದೆ.
ಡುಂಯ್!
ಬಣ್ಣಗಳು ಒದ್ದೆ ನಾಯಿಯಂತೆ ಮೈ ಕೊಡವಿ
ಮತ್ತೆ ಅದೇ ನಡುಕಕ್ಕೆ ಮರಳಿದವು.

"ಟ್ರಾಮಿನ ಕಾಟವೇನೋ" ಎಂದಳು.
ಹನ್ನೊಂದನೇ ನಂಬರಿಗೆ ಕಾದೆವು, ಕಾಫಿ ಆರಿತು.
ಬಂತು, ಕಿಟಕಿಯ ಗಾಜು ಗಿಲಗಿಲ ಎಂದಿತು, ಹೋಯಿತು.
ಅಲೆ ತಿರುಗಿಯೂ ನೋಡಲಿಲ್ಲ.

ತೆರೆ ಸೆಕೆಂಡಿಗೆ ಅರವತ್ತು ಸಲ
ತನ್ನನ್ನು ತಾನೇ ಬರೆದುಕೊಳ್ಳುತ್ತದೆ.
ಊರಿನ ಕರೆಂಟು ಐವತ್ತು ಸಲ ಉಸಿರಾಡುತ್ತದೆ.
ಉಳಿದ ಹತ್ತು ಇದೆಯಲ್ಲ, ಅದೇ ಜಗಳ.
ಎಲ್ಲೋ ಹತ್ತಿರದಲ್ಲೇ
ಒಂದು ಐವತ್ತು ಅಡಗಿ ಕೂತಿದೆ,
ಎಂದು ಅವಳಿಗೆ ವಿವರಿಸುತ್ತಿದ್ದಾಗಲೇ
ನಡುಕ ನಿಂತಿತು.

ಯಾರೂ ಏನನ್ನೂ ಮುಟ್ಟಿರಲಿಲ್ಲ.
ಗೋಡೆಯಾಚೆ ಏನೋ ಗಡಗಡಿಸಿ
ನಿಟ್ಟುಸಿರಿಟ್ಟು ಸುಮ್ಮನಾಗಿತ್ತು.
ಕಾಲು ಗಂಟೆಗೆ ಮತ್ತೆ ದಡಕ್ಕೆಂದಿತು; ಚೌಕಗಳು ಮತ್ತೆ ಕುಣಿದವು.

"ಆ ಕಡೆ ಯಾರು?"
"ಗೆನ್ನಾದಿ."
"ಪರಿಚಯವೇ?"
"ತೊಂಬತ್ತೊಂದರಿಂದ ಮಾತಿಲ್ಲ."
ಯಾಕೆಂದು ಕೇಳಿದೆ. ಅವಳು ಕುಣಿಕೆ ಎಣಿಸತೊಡಗಿದಳು.

ನಾನೇ ಹೋಗಿ ಬಾಗಿಲು ಬಡಿದೆ.
ಸರಪಳಿಯ ಹಿಂದೆ ಒಂದು ಕಣ್ಣು, ಒಂದು ಬನಿಯನ್ನು.
ತುಕ್ಕು ಹಿಡಿದ ರಷ್ಯನ್ನಿನಲ್ಲಿ ಹೇಳಿದೆ:
"ನಿಮ್ಮ ಫ್ರಿಜ್ಜು ಪಕ್ಕದವರ ಕೈಗವಸನ್ನು ಅಲುಗಿಸುತ್ತಿದೆ."
ಇಂಥ ಮಾತು ಅದುವರೆಗೆ ಯಾರೂ ಯಾರಿಗೂ ಹೇಳಿರಲಾರರು.
ಅವನು ತುಸು ಯೋಚಿಸಿ ಸರಪಳಿ ತೆಗೆದ.

ಫ್ರಿಜ್ಜಿನೊಳಗೆ ಬೆಣ್ಣೆ, ಅರ್ಧ ಕೋಸು, ಇನ್ಸುಲಿನ್.
ಇಬ್ಬರೂ ಏದುಸಿರು ಬಿಡುತ್ತ ತಳ್ಳಿದೆವು.
ಬೇರೆ ಜಾಗವಿದ್ದದ್ದು ಕಿಟಕಿಯ ಮುಂದೆ ಮಾತ್ರ;
ಕೋಣೆಯ ಅರ್ಧ ಬೆಳಕು ಹೋಯಿತು.
"ಇರಲಿ" ಎಂದ. "ನೋಡಲೇನಿದೆ, ಅದೇ ಟ್ರಾಮು."

ಈಚೆ ಬಂದರೆ ತೆರೆ ಹೆಪ್ಪುಗಟ್ಟಿದ ಕೆರೆ.
ಸ್ಕೈದ್ರೀತೆ ಕನ್ನಡಕ ಹಾಕಿ, ಬೆರಳೂರಿ,
ಸಾಲು ಸಾಲೇ ಇಳಿದಳು.
ಮೂವತ್ತನಾಲ್ಕರಲ್ಲಿ ಬೆರಳು ನಿಂತಿತು.
"ಇಲ್ಲಿ ಒಂದು ಬಿಳಿ ಬಿಟ್ಟಿದ್ದಾನೆ, ಮಹಾಶಯ."

ಓರೆಯಾಗಿದ್ದು ನಡುಕದಿಂದಲ್ಲ.
ನಾನು ಗುಡ್ಡ ಅಗೆದಿದ್ದೆ, ಇಲಿ ಅವಳ ಮಡಿಲಲ್ಲೇ ಇತ್ತು.
"ತುಂಬಿಬಿಡಲೇ ಆ ಚೌಕ? ಒಂದೇ ಕೀಲಿ."
"ಕೈ ತೆಗಿ" ಎಂದಳು,
ನನ್ನ ಬೆರಳಿನ ಮೇಲೆ ಕಡ್ಡಿಯಿಂದ ಮೆಲ್ಲಗೆ ಬಡಿದು.

ಕೂಲಿಗೆ ಒಂದು ಸೀಸೆ ಕುಂಬಳದ ಉಪ್ಪಿನಕಾಯಿ.
ಎರಡು ಮಹಡಿ ಇಳಿದಿದ್ದೆ,
ಮೇಲಿನಿಂದ ಅವಳ ದನಿ, ಕಟಕಟೆಗೆ ಬಾಗಿ:
"ಓಯಾರ್ಸ್!
ಫ್ರಿಜ್ಜು ಹಿಡಿದಾಗ ನೋಡಿರಬೇಕಲ್ಲ,
ಅವನ ಅಂಗೈ
ನಿನ್ನದಕ್ಕಿಂತ ಅಗಲವೇ?"