ಬೆಂಡು

ಯಗಚಿ ಹಿನ್ನೀರಿನ ಮೇಲೆ ಮಂಜು
ಇನ್ನೂ ಎದ್ದಿಲ್ಲ. ಧನುರ್ಮಾಸದ ಚಳಿಗೆ
ಬೆರಳು ನನ್ನದೋ ಅಲ್ಲವೋ ತಿಳಿಯದ ಹೊತ್ತು.

ಜವರಪ್ಪನ ಬೆಂಡು ನವಿಲುಗರಿಯ ದಂಟು,
ತುದಿಗೆ ಹೆಂಡತಿಯ ಉಗುರುಬಣ್ಣ.
"ಮುಳುಗೋದನ್ನ ಯಾರು ಬೇಕಾದ್ರೂ ನೋಡ್ತಾರೆ,
ಏಳೋದನ್ನ ನೋಡು" ಅಂತಾನೆ.

ಹಗಲೆಲ್ಲ ಬೇಲೂರು ಬಸ್‌ಸ್ಟ್ಯಾಂಡಿನ ಹಿಂದೆ
ಸೈಕಲ್ ಟ್ಯೂಬನ್ನು ಬಾಂಡಲಿ ನೀರಲ್ಲಿ ಅದ್ದಿ
ಸಾಸಿವೆಯಷ್ಟು ಗುಳ್ಳೆಗೆ ಕಾಯುವವನು.

ನಾನೋ, ಮೂರು ಸಲ ಎಳೆದೆ:
ಗಾಳಿಗೊಮ್ಮೆ, ಏಡಿಗೊಮ್ಮೆ,
ನನ್ನದೇ ನಡುಕಕ್ಕೊಮ್ಮೆ.
ಎರೆಹುಳ ಖರ್ಚಾಗಿದ್ದಷ್ಟೇ.

"ದಾರ ಬೆರಳಿಗೆ ಸುತ್ತಬೇಡ, ಒರಗಿಸು.
ದೊಡ್ಡ ಗೆಂಡೆ ಕಚ್ಚಲ್ಲ, ಉಸಿರೆಳೆದ ಹಾಗೆ
ಒಳಗೆ ತಗೊಳತ್ತೆ. ಹಿಡಿಸದಿದ್ರೆ ಉಗುಳತ್ತೆ.
ಅವೆರಡರ ನಡುವೆ ನಿನ್ ಕೆಲ್ಸ."

ಬೀಡಿ ಆರಿತು. ಮಾತೂ.
ಕೆಂಪು ಚುಕ್ಕಿ ಅಕ್ಕಿಕಾಳಿನುದ್ದ
ಮೇಲಕ್ಕೆ ಬಂತೇ? ಇಲ್ಲ, ಮಂಜು ಇಳಿಯಿತೇ?

ಕೇಳಲೆಂದು ತಿರುಗಿದೆ.
ಅವನ ಕಣ್ಣು ನೀರಿನಲ್ಲಿರಲಿಲ್ಲ,
ನನ್ನ ಬೆರಳ ಮೇಲಿತ್ತು.

ಮತ್ತೆ ನೋಡುವಷ್ಟರಲ್ಲಿ ಬೆಂಡು
ಮೊದಲಿನ ಹಾಗೇ ನೆಟ್ಟಗೆ,
ಸ್ಕೂಲಿನ ಮೊದಲ ಬೆಂಚಿನ ಹುಡುಗನಂತೆ.
ಎಳೆದೆ. ಕೊಕ್ಕೆ ಬರಿದು.

"ಬಂದಿತ್ತು ಬಿಡು" ಎಂದ,
ಇನ್ನೊಂದು ಹುಳ ಚಾಚುತ್ತ.