ಹನ್ನೊಂದೂ ಹತ್ತರ ಬಸ್ಸು

ಹಳೇ ಬೈರಾಸಿನಲ್ಲಿ ಸುತ್ತಿ, ಮೇಲೊಂದು ಗೋಣಿ ಬಿಗಿದು
ಹನ್ನೊಂದೂ ಹತ್ತರ ಕುಂದಾಪುರ ಬಸ್ಸಿಗೆ ಕೊಟ್ಟೆ, ಕಾಸ್ಮೀರ್ ಬಾಬ್.
"ಎಂತ ಇದು?" ಅಂದ ಕಂಡಕ್ಟರ್.
ಕಷಾಯ ಅಂದೆ. ಪೂರ್ತಿ ಸುಳ್ಳೇನಲ್ಲ:
ಜೇನು, ಬಾವಿನೀರು, ಎರಡು ಲವಂಗ,
ಮತ್ತೆ ಮಂಚದಡಿಯ
ಏಳು ತಿಂಗಳ ಕತ್ತಲೆ.

ಅಲುಗಾಡಿಸಬೇಡ ಅಂದದ್ದು ಅವನಿಗೆ ಕೇಳಿತು,
ರಸ್ತೆಗೆ ಕೇಳಲಿಲ್ಲ.
ಮೂಲ್ಕಿ ಸೇತುವೆಯ ಮೇಲೆ ಬಿರಡೆ ಹಾರಿ
ಮಲ್ಲಿಗೆ ಮಾರಿ ಮರಳುತ್ತಿದ್ದವಳು
ತನ್ನ ಖಾಲಿ ಬುಟ್ಟಿಯನ್ನೇ
ಎರಡೆರಡು ಸಲ ಮೂಸಿದಳಂತೆ.

ಸಂಜೆ ಕಲ್ಯಾಣಪುರದಿಂದ ನಿಮ್ಮ ಫೋನು:
"ಅರ್ಧ ಬಂತು, ಜೀತಾ. ಸ್ವಲ್ಪ ಹುಳಿ.
ಆದರೂ ನನ್ನದಕ್ಕಿಂತ
ಒಂದು ಗುಟುಕು ಮೇಲೆ."

ಶನಿವಾರ ನಿಮ್ಮ ಬಾಟ್ಲಿಗೆ
ಜ್ಯೋತಿ ಸರ್ಕಲ್ಲಿನಲ್ಲಿ ಕಾಯುತ್ತೇನೆ.
ಬೈರಾಸನ್ನು ಮಾತ್ರ
ತೊಳೆಯದೇ ಕಳಿಸಿ.